ಲಂಡನ್ ಪಟ್ಟಣದಲ್ಲಿ ಮೂರು ದಿನ: ಹೊರಡುವವರಿಗೆ ಕೆಲವು ಸೂಚನೆಗಳು

ದೇಶ ಸುತ್ತಿ ನೋಡು, ಕೋಶ ಓದಿ ನೋಡು ಎಂದು ನಮ್ಮ ಹಿರಿಯರು ಹೇಳಿರುವರು. ಆದರೆ ಎಷ್ಟು ದಿನಗಳಲ್ಲಿ ಸುತ್ತಿ ಮುಗಿಸಬೇಕೆಂಬುದನ್ನು ಅವರು ಹೇಳಿಲ್ಲ. ಆ ಕಾಲದ ಪ್ರಯಾಣಿಕನಿಗೆ ಆತುರವಿರಲಿಲ್ಲ. ಈಗಿನ ಗೃಹಸ್ಥನ ಸ್ಥಿತಿ ಬೇರೆ. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಕ್ಕಳನ್ನೋ ಒಡಹುಟ್ಟಿದವರನ್ನೋ ನೋಡಲು ಹೋಗುವವನು ದಾರಿಯಲ್ಲಿ ಮೂರು ನಾಲ್ಕು ದಿನ ಯಾವುದಾದರೊಂದು ದೊಡ್ಡ ಪಟ್ಟಣದಲ್ಲಿ ತಂಗಿ, ಇಷ್ಟು ದೂರ ಬಂದಮೇಲೆ ಎಲ್ಲವನ್ನೂ ನೋಡಿಬಿಡಬೇಕೆಂದು ಹೊರಡುವನು. ನಾವೂ ಹಾಗೆಯೇ ಹೊರಟೆವು. ಮ್ಯಾಂಚೆಸ್ಟರಿನಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗುವ ಮೊದಲು ಲಂಡನ್ನಿನಲ್ಲಿ ಮೂರು ದಿನವಿರುವುದೆಂದು ನಿಶ್ಚಯವಾಗಿತ್ತು. ಜೊತೆಯಲ್ಲಿ ನಮ್ಮ ಮನೆಯವರು ಮತ್ತು ಎಪ್ಪತ್ತೆರಡು ವರ್ಷ ವಯಸ್ಸಿನ ನಮ್ಮ ತಾಯಿಯವರು ಇದ್ದರು. ಆ ಮೂರು ದಿನಗಳಲ್ಲಿ ನಾವು ಕಲಿತದ್ದನ್ನು, ತಪ್ಪಿ ಕಲಿತದ್ದನ್ನೂ ಸೇರಿಸಿ, ವಾಚಕರ ಮುಂದಿಡುವುದು ಯುಕ್ತವೆಂದು ತೋರಿದೆ.

ಹೊರಡುವ ಮೊದಲು

ಭಾರತೀಯರಿಗೆ ಬ್ರಿಟನ್ನಿನ ವೀಸಾ ಮುಂಚಿತವಾಗಿ ದೊರೆತಿರಬೇಕು. ಸಂದರ್ಶಕರ ವೀಸಾ ಸಾಮಾನ್ಯವಾಗಿ 6 ತಿಂಗಳವರೆಗಿನ ವಾಸಕ್ಕೆ ಸಲ್ಲುತ್ತದೆ. ಎಲ್ಲಿ ತಂಗುವಿರಿ, ಯಾವಾಗ ಹಿಂದಿರುಗುವಿರಿ ಎಂದು ವಿಮಾನನಿಲ್ದಾಣದ ಅಧಿಕಾರಿಗಳು ಕೇಳಬಹುದು. ಹೋಟೆಲಿನ ವಿಳಾಸವನ್ನೂ ಹಿಂದಿರುಗುವ ಟಿಕೆಟನ್ನೂ ಪೆಟ್ಟಿಗೆಯ ತಳದಲ್ಲಿಡದೆ ಕೈಗೆ ಸಿಕ್ಕುವಂತೆ ಇಟ್ಟುಕೊಳ್ಳುವುದು ಒಳ್ಳೆಯದು.

ವಯಸ್ಸಾದವರು ಜೊತೆಯಲ್ಲಿದ್ದರೆ ಪ್ರಯಾಣದ ವಿಮೆಯನ್ನು ಎಂದಿಗೂ ಬಿಡಬಾರದು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಶುಲ್ಕವಿಲ್ಲವಾದರೂ, ಒಳರೋಗಿಯಾಗಿ ಸೇರಿಸಿಕೊಂಡರೆ ಪರದೇಶದ ಸಂದರ್ಶಕರಿಂದ ವೆಚ್ಚವನ್ನು ಪಡೆಯುವರು. ಅದು ಸಾಮಾನ್ಯ ಸಂಸಾರವನ್ನು ಅಲುಗಾಡಿಸುವಷ್ಟಾಗಬಹುದು. ದಿನನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಅಪಾಯದ ಸಮಯದಲ್ಲಿ ಕರೆಯಬೇಕಾದ ಸಂಖ್ಯೆ 999. ಅಷ್ಟು ಅವಸರವಲ್ಲದ ಅನಾರೋಗ್ಯಕ್ಕೆ ಸಲಹೆ ಬೇಕಾದರೆ 111.

ಮಗಳಿಗೆಂದು ತುಪ್ಪ, ಪೇಡ ಕಟ್ಟಿಕೊಡುವ ತಾಯಂದಿರಿಗೆ ಒಂದು ಮಾತು. ನಮ್ಮ ದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಅಲ್ಲಿಗೆ ಒಯ್ಯಲು ಅನುಮತಿಯಿಲ್ಲ. ಅನೇಕ ಹಸಿ ಹಣ್ಣು ಸೊಪ್ಪುಗಳಿಗೂ ನಿರ್ಬಂಧವುಂಟು. ಅಲ್ಲಿನ ಸರ್ಕಾರ ಪ್ರಕಟಿಸುವ ಪಟ್ಟಿಯನ್ನು ನೋಡಿಯೇ ಗಂಟು ಕಟ್ಟತಕ್ಕದ್ದು. ಅಲ್ಲಿನ ವಿದ್ಯುತ್ತಿನ ಪ್ಲಗ್ಗುಗಳಿಗೆ ನಮ್ಮಂತೆ ಗುಂಡು ಕಡ್ಡಿಗಳಲ್ಲ, ಚಪ್ಪಟೆಯಾದ ಮೂರು ಕಡ್ಡಿಗಳು. ಅದಕ್ಕೆ ಹೊಂದುವ ಅಡಾಪ್ಟರೊಂದನ್ನು ಇಲ್ಲಿಯೇ ಕೊಂಡರೆ ಮೊದಲ ರಾತ್ರಿಯ ಪರದಾಟ ತಪ್ಪುವುದು. ಹೊಸ ಪಾದರಕ್ಷೆಯನ್ನು ಮಾತ್ರ ಹಾಕಿಕೊಂಡು ಹೊರಡಬೇಡಿರಿ. ಹಳೆಯದೇ ಅಲ್ಲಿ ಪರಮಮಿತ್ರ.

ಇಳಿದ ದಿನ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹತ್ತು ಹನ್ನೊಂದು ಘಂಟೆಗಳ ಪ್ರಯಾಣ. ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಚಳಿಗಾಲದಲ್ಲಿ ಐದೂವರೆ ಘಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಘಂಟೆ ಮುಂದಿರುತ್ತದೆ. ಅಲ್ಲಿ ಸಂಜೆಯಾಗುವ ಹೊತ್ತಿಗೆ ನಮ್ಮ ದೇಹಕ್ಕೆ ನಡುರಾತ್ರಿ. ಆದಕಾರಣ ಇಳಿದ ದಿನವನ್ನು ನೋಟದ ದಿನವೆಂದು ಲೆಕ್ಕ ಹಾಕಲೇಬಾರದು. ಹೋಟೆಲುಗಳು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಘಂಟೆಗೆ ಮೊದಲು ಕೋಣೆಯನ್ನು ಕೊಡುವುದಿಲ್ಲ. ಬೆಳಿಗ್ಗೆಯೇ ತಲುಪಿದವರು ಪೆಟ್ಟಿಗೆಗಳನ್ನು ಅಲ್ಲಿ ಒಪ್ಪಿಸಿ, ಹತ್ತಿರದ ಉದ್ಯಾನದಲ್ಲಿ ಕುಳಿತು ಬರಬಹುದು.

ಹೀಥ್ರೂ ವಿಮಾನನಿಲ್ದಾಣದಿಂದ ಊರಿಗೆ ಮೂರು ಬಗೆಯ ರೈಲುಗಳುಂಟು. ಪಿಕಡಿಲಿ ಮಾರ್ಗ ಅಗ್ಗ, ನಿಧಾನ. ಪ್ಯಾಡಿಂಗ್ಟನ್ನಿಗೆ ಕಾಲು ಘಂಟೆಯಲ್ಲಿ ಮುಟ್ಟಿಸುವ ಎಕ್ಸ್‌ಪ್ರೆಸ್ ಶೀಘ್ರ, ದುಬಾರಿ. 2022ರಲ್ಲಿ ಆರಂಭವಾದ ಎಲಿಜಬೆತ್ ಮಾರ್ಗ ಇವೆರಡರ ನಡುವಿನದು. ಈ ಮಾರ್ಗದ ನಿಲ್ದಾಣಗಳಲ್ಲೆಲ್ಲ ಮೆಟ್ಟಿಲು ಹತ್ತದೆ ಹೋಗುವ ಅನುಕೂಲವಿರುವುದರಿಂದ, ವಯಸ್ಸಾದವರಿಗೂ ಪೆಟ್ಟಿಗೆಗಳಿಗೂ ಇದೇ ಮೇಲೆಂದು ನಮ್ಮ ಅಭಿಪ್ರಾಯ.

ಊರೊಳಗಿನ ಸಂಚಾರ

ಲಂಡನ್ನಿನ ನೆಲದೊಳಗಿನ ರೈಲು 1863ರಲ್ಲಿ ಆರಂಭವಾಯಿತು. ಅಲ್ಲಿ ‘ಟ್ಯೂಬ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಟಿಕೆಟಿಗಾಗಿ ಸಾಲಿನಲ್ಲಿ ನಿಲ್ಲಬೇಕಾದುದಿಲ್ಲ. ‘ಆಯ್ಸ್ಟರ್’ ಎಂಬ ಕಾರ್ಡನ್ನೋ, ಪರದೇಶದಲ್ಲಿ ನಡೆಯುವ ನಮ್ಮ ಬ್ಯಾಂಕಿನ ಕಾರ್ಡನ್ನೋ ಬಾಗಿಲಿನ ಯಂತ್ರಕ್ಕೆ ಮುಟ್ಟಿಸಿದರೆ ಸಾಕು. ತಲೆಗೊಂದು ಕಾರ್ಡು ಬೇಕು. ಒಂದರಲ್ಲಿ ಇಬ್ಬರು ಹೋಗಲಾಗದು. ಒಳಗೆ ಹೋಗುವಾಗ ಮುಟ್ಟಿಸಿದ ಕಾರ್ಡನ್ನೇ ಹೊರಗೆ ಬರುವಾಗಲೂ ಮುಟ್ಟಿಸಬೇಕು. ಮರೆತರೆ ಹೆಚ್ಚಿನ ದರ ಬೀಳುವುದು. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಮುಟ್ಟಿಸಿದರೆ ಆಯಿತು. 2014ರಿಂದ ಬಸ್ಸುಗಳಲ್ಲಿ ನಗದು ಹಣ ಸಲ್ಲುವುದಿಲ್ಲ. ಒಂದು ದಿನಕ್ಕೆ ಇಷ್ಟೆಂಬ ಮಿತಿಯನ್ನು ಮುಟ್ಟಿದ ಮೇಲೆ ಆ ದಿನದ ಮುಂದಿನ ಪ್ರಯಾಣಕ್ಕೆ ಹಣ ಕಳೆಯದಿರುವ ಏರ್ಪಾಡು ಮೆಚ್ಚತಕ್ಕದ್ದು.

ಟ್ಯೂಬಿನ ನಕ್ಷೆ ನೋಡಲು ಸುಂದರ; ಆದರೆ ಅದು ದೂರವನ್ನು ತಿಳಿಸುವುದಿಲ್ಲ. 1933ರಲ್ಲಿ ಹ್ಯಾರಿ ಬೆಕ್ ಎಂಬವರ ನಕ್ಷೆ ಪ್ರಕಟವಾದಂದಿನಿಂದ ಅದು ಯಾವ ನಿಲ್ದಾಣದ ಮುಂದೆ ಯಾವುದು ಎಂಬುದನ್ನಷ್ಟೇ ಹೇಳುತ್ತ ಬಂದಿದೆ. ಲೆಸ್ಟರ್ ಸ್ಕ್ವೇರಿನಿಂದ ಕಾವೆಂಟ್ ಗಾರ್ಡನ್ನಿಗೆ ಮುನ್ನೂರು ಮೀಟರೂ ಇಲ್ಲ. ಇದನ್ನರಿಯದೆ ನಾವು ಟ್ಯೂಬಿನಲ್ಲಿ ಹೋದೆವು. ಲಿಫ್ಟಿನ ಮುಂದೆ ಜನರ ಗುಂಪನ್ನು ಕಂಡು ತಾಳ್ಮೆಗೆಟ್ಟು ಸುತ್ತುಮೆಟ್ಟಿಲು ಹಿಡಿದೆವು. ಅಲ್ಲಿರುವುದು 193 ಮೆಟ್ಟಿಲು! ನಮ್ಮ ತಾಯಿಯವರು ಮೇಲೆ ಬಂದು ಕುಳಿತು, “ಮಗು, ಲಂಡನ್ನಿನ ಮೆಟ್ಟಿಲನ್ನೆಲ್ಲ ನೋಡಿದ ಹಾಗಾಯಿತು, ಇನ್ನು ಊರನ್ನು ಯಾವಾಗ ತೋರಿಸುತ್ತೀಯೆ?” ಎಂದರು. ನಕ್ಷೆಯಲ್ಲಿ ಮೆಟ್ಟಿಲಿಲ್ಲದ ನಿಲ್ದಾಣಗಳಿಗೆ ಗಾಲಿಕುರ್ಚಿಯ ಗುರುತು ಇರುತ್ತದೆ. ಮಂಡಿನೋವಿರುವವರಿಗೆ ಬಸ್ಸೇ ಲೇಸು. ಎರಡು ಅಂತಸ್ತಿನ ಬಸ್ಸಿನಿಂದ ಊರೂ ಕಾಣುತ್ತದೆ.

ಒಂದು ತಪ್ಪಿತ

ಆ ದಿನವೇ ಸಂಜೆ, ನಾವು ನಿಗದಿ ಮಾಡಿದ್ದ ಏಳು ಸ್ಥಳಗಳಲ್ಲಿ ಐದನೆಯದಕ್ಕೆ ಹೊರಟಿದ್ದೆವು. ಕಚೇರಿ ಬಿಡುವ ಹೊತ್ತು. ಕಾಲಿಡಲು ಜಾಗವಿಲ್ಲದಷ್ಟು ಜನ. ರೈಲು ಬಂದಿತು. ನಾವಿಬ್ಬರೂ ಒಳಗೆ ಹೋದೆವು. ತಾಯಿಯವರು ಹೊರಗಿರುವಾಗಲೇ ಬಾಗಿಲು ಮುಚ್ಚಿತು. ಗಾಜಿನಾಚೆ ಅವರ ಮುಖ ಕಾಣುತ್ತಿತ್ತು, ರೈಲು ಹೊರಟುಹೋಯಿತು. ಅವರಿಗೆ ಇಂಗ್ಲಿಷು ಬಾರದು. ಅವರ ಫೋನು ಹೋಟೆಲಿನಲ್ಲಿಯೇ ಉಳಿದಿತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಿ ಬಂದೆವು. ಅವರು ಅಲ್ಲಿರಲಿಲ್ಲ. ನಮ್ಮನ್ನು ಹಿಂಬಾಲಿಸಬೇಕೆಂದು ಮುಂದಿನ ರೈಲನ್ನು ಹತ್ತಿ, ನಮಗೆ ಎದುರಾಗಿ ಹೊರಟುಹೋಗಿದ್ದರು.

ಮುಕ್ಕಾಲು ಘಂಟೆ ನಾವು ಅನುಭವಿಸಿದ ಸಂಕಟವನ್ನು ಬರೆಯಲಾರೆವು. ಕೊನೆಗೆ ಹೋಟೆಲಿಗೆ ಫೋನು ಮಾಡಿದಾಗ ಸುದ್ದಿ ತಿಳಿಯಿತು. ತಾಯಿಯವರು ದೂರದ ನಿಲ್ದಾಣವೊಂದರಲ್ಲಿ ಇಳಿದು, ಸಮವಸ್ತ್ರ ತೊಟ್ಟ ನೌಕರರೊಬ್ಬರ ಮುಂದೆ ತಮ್ಮ ಚೀಲದಲ್ಲಿದ್ದ ಕಾಗದದ ಹೊದಿಕೆಯೊಂದನ್ನು ಹಿಡಿದಿದ್ದರು. ಅದು ಕೋಣೆಯ ಬೀಗದ ಕಾರ್ಡಿನ ಹೊದಿಕೆ. ಅದರ ಮೇಲೆ ಹೋಟೆಲಿನ ಹೆಸರೂ ಸಂಖ್ಯೆಯೂ ಅಚ್ಚಾಗಿದ್ದವು. ಆ ಪುಣ್ಯಾತ್ಮರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೋಟೆಲಿಗೆ ತಿಳಿಸಿದ್ದರು. ನಾವು ಓಡಿಹೋದಾಗ ತಾಯಿಯವರು, “ಊಟ ಮಾಡಿದಿರಾ?” ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು.

ಈ ತಪ್ಪಿತವು ನಮ್ಮದೇ. ಹೊರಡುವ ಮೊದಲೇ ಮನೆಯವರೆಲ್ಲ ಕೂಡಿ ಮೂರು ಮಾತು ನಿಶ್ಚಯಿಸಿಕೊಳ್ಳಬೇಕಾಗಿತ್ತು. ಒಂದು, ತಂಗಿರುವ ಸ್ಥಳದ ಹೆಸರು, ವಿಳಾಸ, ಜೊತೆಯವರ ಫೋನಿನ ಸಂಖ್ಯೆ, ಸೇವಿಸುವ ಔಷಧ, ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಪ್ರತಿಯೊಬ್ಬರ ಬಳಿಯೂ ಇರತಕ್ಕದ್ದು. ಎರಡು, ಅಗಲಿದರೆ ಹಿಂದುಳಿದವರು ನಿಂತಲ್ಲಿಯೇ ನಿಲ್ಲತಕ್ಕದ್ದು. ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗತಕ್ಕದ್ದು. ಮೂರು, ರೈಲನ್ನು ಹತ್ತುವಾಗ ಹಿರಿಯರನ್ನು ಮುಂದೆ ಬಿಟ್ಟು ಶಕ್ತರು ಹಿಂದೆ ಹತ್ತತಕ್ಕದ್ದು. ಬೆಳಿಗ್ಗೆ ಒಂಬತ್ತೂವರೆಯವರೆಗೂ ಸಂಜೆ ನಾಲ್ಕರಿಂದ ಏಳರವರೆಗೂ ಟ್ಯೂಬನ್ನು ಬಿಟ್ಟರೆ ಜನಸಂದಣಿಯೂ ತಪ್ಪುತ್ತದೆ, ವಾರದ ದಿನಗಳಲ್ಲಿ ದರವೂ ಕಡಿಮೆ.

ಏನನ್ನು ನೋಡುವುದು?

ಆ ರಾತ್ರಿ ನಾವು ಪಟ್ಟಿಯನ್ನು ಹರಿದುಹಾಕಿದೆವು. ದಿನಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಅದೂ ಒಂದೇ ದಿಕ್ಕಿನಲ್ಲಿ, ಎಂದು ನಿಯಮ ಮಾಡಿಕೊಂಡೆವು. ಮುಂದಿನ ಸಂತೋಷವೆಲ್ಲ ಈ ನಿಯಮದಿಂದಲೇ ದೊರೆಯಿತು.

ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಒತ್ತಾಗಿರುವ ವಿಕ್ಟೋರಿಯಾ ಮತ್ತು ಆಲ್ಬರ್ಟ್, ಪ್ರಕೃತಿಚರಿತ್ರೆ, ವಿಜ್ಞಾನ ವಸ್ತುಸಂಗ್ರಹಾಲಯಗಳು, ಇವುಗಳ ಮುಖ್ಯ ಸಂಗ್ರಹಗಳನ್ನು ನೋಡಲು ಶುಲ್ಕವಿಲ್ಲ. ಹಣ ಕೊಟ್ಟಿಲ್ಲವಾದುದರಿಂದ ಒಂದು ಘಂಟೆ ನೋಡಿ ಹೊರಗೆ ಬಂದರೂ ನಷ್ಟವಿಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಮರಾವತಿಯ ಸ್ತೂಪದ ಶಿಲ್ಪಗಳಿವೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಒಯ್ದ ಟಿಪ್ಪೂಸುಲ್ತಾನನ ಮರದ ಹುಲಿಯು ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಕ್ಕೆ ಸೇರಿದೆ. ಪ್ರದರ್ಶನದ ಅಂಗಣಗಳನ್ನು ದುರಸ್ತಿಗಾಗಿ ಮುಚ್ಚುವುದುಂಟು. ಆದುದರಿಂದ ಇಂತಹದೇ ವಸ್ತುವನ್ನು ನೋಡಬೇಕೆನ್ನುವವರು ಮೊದಲು ವಿಚಾರಿಸಿಕೊಳ್ಳಬೇಕು. ಈ ಸಂಗ್ರಹಾಲಯಗಳಲ್ಲಿ ಶೌಚಾಲಯವೂ ಕುಳಿತುಕೊಳ್ಳಲು ಪೀಠಗಳೂ ಇರುವುದನ್ನು ಹಿರಿಯರೊಡನೆ ಹೋಗುವವರು ನೆನಪಿಡಬೇಕು.

ಋತುವನ್ನು ನೋಡಿಯೂ ದಿನವನ್ನು ಹಂಚಬೇಕು. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕು. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲೆ. ಡಿಸೆಂಬರ್ 25ರಂದು ಬಸ್ಸು, ಟ್ಯೂಬು ಯಾವುದೂ ಓಡುವುದಿಲ್ಲ.

ಊಟ ಮತ್ತು ಹಣ

ಸಸ್ಯಾಹಾರಿಗಳು ಅಂಜಬೇಕಾದುದಿಲ್ಲ. ಅಂಗಡಿಯ ಸಿದ್ಧ ಆಹಾರದ ಪೊಟ್ಟಣಗಳ ಮೇಲೆ ಸಸ್ಯಾಹಾರಿಗಳಿಗೆ ತಕ್ಕುದೆಂದು ಮುದ್ರಿಸಿರುವುದು ಸಾಮಾನ್ಯ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮ್ಮಂಡ್ ಬೀದಿಯು ಭಾರತೀಯ ಸಸ್ಯಾಹಾರದ ಭೋಜನಶಾಲೆಗಳಿಗೆ ಬಹುಕಾಲದಿಂದ ಹೆಸರಾಗಿದೆ. ನಲ್ಲಿಯ ನೀರನ್ನೇ ಕುಡಿಯಬಹುದು. ಭೋಜನಶಾಲೆಯ ಬಿಲ್ಲಿನಲ್ಲಿ ಸೇವೆಯ ಹಣವನ್ನು ಸೇರಿಸಿರುವರೇ ಎಂದು ನೋಡಿ. ಸೇರಿದ್ದರೆ ಮತ್ತೆ ಕೊಡಬೇಕಾದುದಿಲ್ಲ. ಭಾನುವಾರ ದೊಡ್ಡ ಅಂಗಡಿಗಳು ಆರು ಘಂಟೆಗಳ ಕಾಲ ಮಾತ್ರ ವ್ಯಾಪಾರ ಮಾಡಬಹುದೆಂಬ ಕಾನೂನಿದೆ. ಕೊಂಡು ತಂದ ವಸ್ತುಗಳ ಮೇಲಿನ ತೆರಿಗೆಯನ್ನು ಪ್ರವಾಸಿಗಳಿಗೆ ವಿಮಾನನಿಲ್ದಾಣದಲ್ಲಿ ಹಿಂದಿರುಗಿಸುವ ಪದ್ಧತಿ 2021ರ ಆರಂಭದಲ್ಲಿ ನಿಂತುಹೋಯಿತು; ಹಳೆಯ ಪ್ರವಾಸಿಗಳ ಮಾತನ್ನು ನಂಬಿ ಹೆಚ್ಚು ಕೊಳ್ಳಬಾರದು.

ಮೂರನೆಯ ದಿನ

ಕೊನೆಯ ಬೆಳಿಗ್ಗೆ ನಾವು ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ಥೇಮ್ಸ್ ನದಿಯ ಆಚೆಯ ದಂಡೆಯಲ್ಲಿ ಮೆಲ್ಲನೆ ನಡೆದೆವು. ಎದುರಿಗೆ ಪಾರ್ಲಿಮೆಂಟ್ ಭವನ. ಪಕ್ಕದ ಗೋಡೆಯ ಮೇಲೆ ಕೊರೋನಾ ವ್ಯಾಧಿಯಿಂದ ಮಡಿದವರ ನೆನಪಿಗಾಗಿ 2021ರಿಂದ ಬರೆಯುತ್ತ ಬಂದಿರುವ ಕೆಂಪು ಹೃದಯಗಳ ಉದ್ದನೆಯ ಸಾಲು. ಲ್ಯಾಂಬೆತ್ ಸೇತುವೆಯ ಬಳಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ನಮ್ಮ ಬಸವೇಶ್ವರರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಮಂತ್ರಿಗಳು ಅದನ್ನು ಅನಾವರಣ ಮಾಡಿದರು. ಇದಕ್ಕೆ ಟಿಕೆಟಿಲ್ಲ, ಸಾಲಿಲ್ಲ, ಮೆಟ್ಟಿಲೂ ಇಲ್ಲ. ತಾಯಿಯವರು ಕೈಮುಗಿದು ಹತ್ತಿರದಲ್ಲಿ ಕುಳಿತರು. ಒಂದು ಘಂಟೆಯ ಕಾಲ ಏಳಲಿಲ್ಲ. ನಾವೂ ಏಳಿಸಲಿಲ್ಲ.

ಊರಿಗೆ ಮರಳಿದ ಮೇಲೆ ನೆರೆಯವರು ಲಂಡನ್ನಿನಲ್ಲಿ ಏನು ನೋಡಿದಿರೆಂದು ಕೇಳಿದಾಗ, ಅವರು ವರ್ಣಿಸುವುದು ಆ ಹೊಳೆಯ ದಂಡೆಯನ್ನು, ಮತ್ತು ತಮಗೆ ಕುರ್ಚಿ ಕೊಟ್ಟ ಆ ಅಪರಿಚಿತ ನೌಕರರನ್ನು. ನಾವು ಓಡಿ ಓಡಿ ತೋರಿಸಿದ ಸ್ಥಳಗಳಲ್ಲಿ ಒಂದರ ಹೆಸರೂ ಅವರಿಗೆ ನೆನಪಿಲ್ಲ.

ಅಲ್ಪಕಾಲದ ಪ್ರವಾಸದಲ್ಲಿ ಹಣದಂತೆಯೇ ಕಾಲಿನ ಶಕ್ತಿಯೂ ಮಿತವಾದ ಬಂಡವಾಳ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಹೊರಟವರು ನೋಡಿದ್ದನ್ನು ಚೆನ್ನಾಗಿ ನೋಡಿ, ಹೋದವರೆಲ್ಲ ಕೂಡಿಯೇ ಮನೆಗೆ ಮರಳುವರು. ಹೊರಡಲಿರುವ ವಾಚಕರು ಪೆಟ್ಟಿಗೆಯನ್ನು ಕಟ್ಟುವ ಮೊದಲು ಆ ಚೀಟಿಯನ್ನು ಬರೆಯಲಿ ಎಂಬುದೇ ನಮ್ಮ ವಿನಂತಿ.