ಹಣೆದೀಪದ ಆಯ್ಕೆ

ರಾತ್ರಿ ಗಾಳ ಹಾಕುವವನಿಗೆ ಎರಡು ಕೈಗಳೂ ಬಿಡುವಾಗಿರಬೇಕು. ಆದುದರಿಂದಲೇ ಅವನು ದೀಪವನ್ನು ಹಣೆಗೆ ಕಟ್ಟಿಕೊಳ್ಳುತ್ತಾನೆ. ಆದರೆ ಅತ್ಯಂತ ಪ್ರಖರವಾದ ದೀಪವೇ ಅತ್ಯುತ್ತಮವಾದುದೇ? ಉತ್ತರವನ್ನು ನಾವು ಮೊದಲು ಕಣ್ಣಿನಲ್ಲಿಯೇ ಹುಡುಕಬೇಕು.

ನಮ್ಮ ಅಕ್ಷಿಪಟದಲ್ಲಿ ಶಂಕುಕೋಶಗಳೂ ದಂಡಕೋಶಗಳೂ ಇವೆ. ಹಗಲಿನ ನೋಟಕ್ಕೆ ಮೊದಲಿನವು, ಮಂದ ಬೆಳಕಿನ ನೋಟಕ್ಕೆ ಎರಡನೆಯವು ಕಾರಣ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ತೀಕ್ಷ್ಣವಾದ ಬೆಳಕಿನಲ್ಲಿ ಬಣ್ಣಗೆಡುತ್ತದೆ. ಅದು ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಪ್ರಖರ ದೀಪವನ್ನು ಆರಿಸಿದೊಡನೆ ಪಾಚಿಗಟ್ಟಿದ ಬಂಡೆಯಾಗಲಿ ನೀರಿನ ಅಂಚಾಗಲಿ ಕಾಣಿಸದೆ ಹೋಗುವುದು ಇದರಿಂದಲೇ. ಅಪಾಯವಿರುವುದೂ ಇಲ್ಲಿಯೇ.

ದಂಡಕೋಶಗಳು ಸುಮಾರು 500 ನ್ಯಾನೊಮೀಟರ್ ತರಂಗಾಂತರದ ಹಸಿರು-ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುತ್ತವೆ. 620 ನ್ಯಾನೊಮೀಟರ್ ಮೀರಿದ ಕೆಂಪು ಬೆಳಕಿಗೆ ಬಹುಮಟ್ಟಿಗೆ ಕುರುಡಾಗಿರುತ್ತವೆ. ಆದುದರಿಂದ ಎರೆ ಸಿಕ್ಕಿಸಲು, ದಾರಕ್ಕೆ ಗಂಟು ಹಾಕಲು ಮಂದವಾದ ಕೆಂಪು ಬೆಳಕು ಸಾಕು. ಬಿಳಿ ಬೆಳಕು ನಡೆದಾಡಲು ಮಾತ್ರ. ಬಿಳಿಯನ್ನು ಹೊತ್ತಿಸದೆಯೇ ಕೆಂಪನ್ನು ನೇರವಾಗಿ ಹೊತ್ತಿಸುವ ಗುಂಡಿ ಇರಬೇಕು.

ದೀಪ ಸೂಸುವ ಬೆಳಕಿನ ಅಳತೆಗೆ ಲೂಮೆನ್ ಎಂದು ಹೆಸರು. ದೂರ ಎರಡು ಪಟ್ಟಾದರೆ ಬೆಳಕಿನ ತೀವ್ರತೆ ನಾಲ್ಕರಲ್ಲೊಂದು ಭಾಗಕ್ಕಿಳಿಯುತ್ತದೆ. ಎರಡು ಪಟ್ಟು ದೂರವನ್ನು ಅಷ್ಟೇ ಸ್ಪಷ್ಟವಾಗಿ ಕಾಣಬೇಕಾದರೆ ನಾಲ್ಕು ಪಟ್ಟು ಲೂಮೆನ್ ಬೇಕು. ಬ್ಯಾಟರಿಯೂ ಅಷ್ಟೇ ಬೇಗ ಬರಿದಾಗುವುದು.

ಇನ್ನು ನೀರಿನ ಮಾತು. ಐಪಿಎಕ್ಸ್4 ಎಂಬ ಗುರುತಿನ ದೀಪ ಎರಚಿದ ನೀರನ್ನಷ್ಟೇ ತಡೆದೀತು. ಐಪಿಎಕ್ಸ್7 ಎಂಬುದು 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಕೆಡದು. ನದಿಗೆ ಇಳಿಯುವವನು ಎರಡನೆಯದನ್ನೇ ಕೊಳ್ಳುವುದು ಲೇಸು; ದೀಪವು ನೀರಿಗೆ ಬೀಳುವ ಗಳಿಗೆಯಲ್ಲೇ ಬೆಳಕಿನ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುತ್ತದೆಯಷ್ಟೆ.