ಅಂಗಳಕ್ಕೆ ಕತ್ತಲೆಯೂ ಬೇಕು

ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ನನ್ನ ಮೊಬೈಲ್‌ನ ರೀಲ್ಸ್ ತುಂಬ ಕುಂಬಳಕಾಯಿ. ಅಮೆರಿಕದ ಯಾವುದೋ ಮನೆಯ ಮೆಟ್ಟಿಲ ಮೇಲೆ ಕಿತ್ತಳೆ ಬಣ್ಣದ ಕುಂಬಳ, ಬಾಗಿಲಿಗೆ ಒಣಗಿದ ಮೇಪಲ್ ಎಲೆಯ ಹಾರ, ಪಕ್ಕದಲ್ಲಿ ಕುಂಡದ ತುಂಬ ಸೇವಂತಿಗೆ. ಹಾಸ್ಟೆಲ್‌ನಲ್ಲಿ ಕೂತು ನೋಡುವಾಗ ಅದರಲ್ಲಿ ನಮ್ಮ ಮನೆಯದ್ದು ಅನ್ನಿಸುವುದು ಆ ಸೇವಂತಿಗೆಯೊಂದೇ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಆಶ್ವಯುಜ, ಕಾರ್ತಿಕದ ಶರದೃತುವಿನಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ನಡೆಯುವುದು ಬೇರೆಯೇ ಕೆಲಸ. ನಾಲ್ಕು ತಿಂಗಳ ಮಳೆ ತಿಂದುಹಾಕಿದ ಅಂಗಳವನ್ನು ಮತ್ತೆ ಅಂಗಳ ಮಾಡುವುದು.

ಮಳೆಗಾಲ ಪೂರ್ತಿ ನಾವು ಅಂಗಳಕ್ಕೆ ಅಡಿಕೆ ಸೋಗೆ ಹಾಸಿರುತ್ತೇವೆ, ಮಣ್ಣು ಕೊಚ್ಚಿಹೋಗದಿರಲಿ, ಕಾಲು ಜಾರದಿರಲಿ ಅಂತ. ಮಳೆ ಬಿಟ್ಟ ಮೇಲೆ ಕೊಳೆತ ಸೋಗೆ ಎತ್ತಿ ಗೊಬ್ಬರಗುಂಡಿಗೆ ಹಾಕಿ, ಪಾಚಿ ಕೆತ್ತಿ, ಗುಂಡಿ ಬಿದ್ದಲ್ಲಿ ಕೆಮ್ಮಣ್ಣು ತುಂಬಿ, ನೀರು ಚಿಮುಕಿಸಿ ಮರದ ಹಲಗೆಯಿಂದ ಬಡಿಯಬೇಕು. ಒಣಗಿದ ಮೇಲೆ ಸಗಣಿ ಸಾರಿಸಬೇಕು. ಇದು ಬರೀ ಚೆಂದಕ್ಕಲ್ಲ, ದೀಪಾವಳಿ ಕಳೆದ ಮೇಲೆ ಬೇಯಿಸಿದ ಅಡಿಕೆ ಒಣಗುವುದು ಇಲ್ಲೇ. ನೆಲ ಕಪ್ಪಗೆ ಹೊಳೆಯಲಿ ಎಂದು ಹಳೆಯ ಟಾರ್ಚ್ ಸೆಲ್ ಒಡೆದು ಅದರ ಕಪ್ಪುಪುಡಿಯನ್ನು ಸಗಣಿಗೆ ಕಲಸುವ ರೂಢಿ ನಮ್ಮ ಮನೆಯಲ್ಲೂ ಇತ್ತು. ಅದರಲ್ಲಿರುವುದು ಇದ್ದಿಲು ಮಾತ್ರವಲ್ಲ, ಮ್ಯಾಂಗನೀಸ್ ಡೈಆಕ್ಸೈಡ್ ಕೂಡ. ಬರಿಗೈಯಲ್ಲಿ ಸಾರಿಸುವುದು ಅಮ್ಮ, ಅದಕ್ಕೇ ಜಗಳ ಮಾಡಿ ನಿಲ್ಲಿಸಿದೆ. ಈಗ ತೆಂಗಿನ ಗೆರಟೆ ಸುಟ್ಟ ಮಸಿ ಹಾಕುತ್ತೇವೆ. ಹೊಳಪು ಸ್ವಲ್ಪ ಕಡಿಮೆಯೇ, ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷ ಜೂನ್ ಕೊನೆಯಲ್ಲಿ ಒಂದು ರಾತ್ರಿ, ಸೋಗೆ ಸರಿದ ಜಾಗದಲ್ಲಿ ಅಜ್ಜಿ ಜಾರಿ ಬಿದ್ದಳು. ನಮ್ಮ ಬಚ್ಚಲುಮನೆ ಇರುವುದು ಅಂಗಳದ ಆಚೆ. ಬಲಗೈ ಮಣಿಕಟ್ಟು ಮುರಿದು, ಆರು ವಾರ ಪ್ಲಾಸ್ಟರ್. ಅಪ್ಪ ಮರುದಿನವೇ ಪೇಟೆಗೆ ಹೋಗಿ 50 ವ್ಯಾಟ್‌ನ ಎಲ್‌ಇಡಿ ಫ್ಲಡ್ ಲೈಟ್ ತಂದು ಜಗಲಿಯ ಅಂಚಿಗೆ ಕಟ್ಟಿಸಿದ. ಸಂಜೆ ಆರಕ್ಕೆ ಹಾಕಿದರೆ ಬೆಳಿಗ್ಗೆಯೇ ಆರಿಸುವುದು. ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ನೋಡಿದಾಗ ಕ್ರಿಕೆಟ್ ಸ್ಟೇಡಿಯಂ ಇದ್ದ ಹಾಗಿದೆ ಎಂದು ನಕ್ಕಿದ್ದೆ. ಆದರೆ ಅಜ್ಜಿ ಮತ್ತೆ ಬೀಳಲಿಲ್ಲ ಎಂಬುದೂ ನಿಜ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅಂಗಳ ರೆಡಿಯಾಗಿತ್ತು. ತುಳಸಿಕಟ್ಟೆಗೆ ಕೆಮ್ಮಣ್ಣು ಬಳಿದು ಸುಣ್ಣದ ಗೆರೆ ಎಳೆದಿದ್ದರು. ಡೇರೆ ಹೂ ಇನ್ನೂ ಒಂದೆರಡು ಉಳಿದಿದ್ದವು. ಅಂಗಳದ ಸುತ್ತ ಅಜ್ಜಿಯ ಸೇವಂತಿಗೆ, ಒಟ್ಟು 14 ಕುಂಡ. ಪ್ರತಿ ವರ್ಷ ತುಳಸಿ ಪೂಜೆಗೆ ನೆಲ್ಲಿ ಟೊಂಗೆಯ ಜೊತೆ ಕಟ್ಟೆಗೆ ಏರುವುದು ಅದೇ ಹೂವು. ಆ ವರ್ಷ ಕೈಗೆ ಪ್ಲಾಸ್ಟರ್ ಇದ್ದದ್ದರಿಂದ ಅವಳು ಜಗಲಿಯಲ್ಲಿ ಕೂತು ಹೇಳುತ್ತ ಹೋಗಿದ್ದಳು, ಅಮ್ಮ ಸಸಿ ನೆಟ್ಟಿದ್ದಳು. ಗಿಡಗಳೇನೋ ಸೊಂಪಾಗಿದ್ದವು. ಆದರೆ ಒಂಬತ್ತು ಕುಂಡಗಳಲ್ಲಿ ಬರೀ ಎಲೆ, ಒಂದು ಮೊಗ್ಗೂ ಇಲ್ಲ.

ಅಮ್ಮ ಗೊಬ್ಬರ ಹೆಚ್ಚಾಯಿತು ಎಂದಳು. ಅಪ್ಪ ಸಸಿಯೇ ಸರಿ ಇಲ್ಲ ಎಂದ. ಅಜ್ಜಿ ಮಾತ್ರ ತನ್ನ ಬಲಗೈ ನೋಡಿಕೊಂಡು, ‘ಕೈ ಮುರಿದದ್ದೇ ಸೈ, ಕೈಗುಣವೂ ಹೋಯ್ತು ಕಾಣು’ ಎಂದಳು. ತಮಾಷೆಗೆ ಹೇಳಿದ್ದಲ್ಲ. ಊರಿನವರು ಸಸಿ ನೆಡಲು ಕರೆದುಕೊಂಡು ಹೋಗುತ್ತಿದ್ದ ಕೈ ಅದು. ಆಮೇಲೆ ಯಾರು ಕರೆದರೂ ಹೋಗಲಿಲ್ಲವಂತೆ.

ಆ ರಾತ್ರಿ ಅಂಟಿಗೆ ಪಂಟಿಗೆಯವರು ಬಂದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಕಡೆ ಗಂಡಸರ ತಂಡ ಉರಿಯುವ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತದೆ. ನಾವು ಅವರ ದೀಪಕ್ಕೆ ಎಣ್ಣೆ ಎರೆಯುತ್ತೇವೆ. ಅವರು ಅಂಗಳಕ್ಕೆ ಬಂದು ನಿಂತರೆ, ಆ ಫ್ಲಡ್ ಲೈಟಿನಡಿ ದೀಪ ಉರಿಯುತ್ತಿದೆಯೋ ಇಲ್ಲವೋ ತಿಳಿಯದು! ಅಜ್ಜಿ ಒಳಗಿನಿಂದಲೇ ‘ಅದೊಂದನ್ನ ಆರ್ಸು ಮಾರಾಯ್ತಿ’ ಎಂದಳು. ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ನಿಧಾನಕ್ಕೆ ದೀಪ ಕಂಡಿತು, ಆಮೇಲೆ ಹಾಡುವವರ ಮುಖ, ಆಮೇಲೆ ತುಳಸಿಕಟ್ಟೆಯ ಸುಣ್ಣದ ಗೆರೆ. ಕಟ್ಟೆಯ ಹಿಂದೆ ಹೂ ಬಿಟ್ಟಿದ್ದ ಐದು ಕುಂಡಗಳೂ ಕಂಡವು. ಬೇರೆ ದಿನ ಲೈಟಿನ ಬೆಳಕು ಬೀಳದೆ ಕಟ್ಟೆಯ ನೆರಳಿನಲ್ಲೇ ಇರುತ್ತಿದ್ದವು ಅವು.

ಆಗಲೂ ನನಗೆ ಹೊಳೆಯಲಿಲ್ಲ ಎನ್ನುವುದು ನಾಚಿಕೆಯ ವಿಷಯ. ಹೊಳೆಯಿಸಿದವಳು ನನ್ನ ರೂಮ್‌ಮೇಟ್. ಅವಳದು ಚಿಕ್ಕಬಳ್ಳಾಪುರ ಕಡೆ, ಮನೆಯಲ್ಲಿ ಸೇವಂತಿಗೆ ಬೆಳೆಯುತ್ತಾರೆ. ಫೋನಿನಲ್ಲಿ ಕಥೆ ಕೇಳಿ ನಕ್ಕುಬಿಟ್ಟಳು. ‘ಅಯ್ಯೋ, ರಾತ್ರಿ ಲೈಟ್ ಹಾಕಿದ್ರೆ ಹೂ ಬರಲ್ಲ ಕಣೇ. ಬೇಗ ಹೂ ಬಿಡಬಾರ್ದು ಅಂತ ನಮ್ಮಪ್ಪ ಹೊಲದ ತುಂಬ ಬಲ್ಬ್ ಕಟ್ತಾರೆ!’

ಸೇವಂತಿಗೆ ಗಿಡ ರಾತ್ರಿಯನ್ನು ಅಳೆಯುತ್ತದೆ. ತೀರ್ಥಹಳ್ಳಿಯ ಅಕ್ಷಾಂಶದಲ್ಲಿ ಜೂನ್‌ನಲ್ಲಿ ಹಗಲು ಹತ್ತಿರಹತ್ತಿರ 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆ ಚಿಲ್ಲರೆ. ರಾತ್ರಿ ಉದ್ದವಾಗುತ್ತ ಬಂದಂತೆ ಗಿಡ ಎಲೆ ಬಿಡುವುದು ಕಡಿಮೆ ಮಾಡಿ ಮೊಗ್ಗು ಕಟ್ಟುತ್ತದೆ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ಸಂಬಂಧವನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ತಂಬಾಕು ಮುಂತಾದ ಗಿಡಗಳ ಪ್ರಯೋಗದಿಂದ ತೋರಿಸಿದರು. ಗಿಡಕ್ಕೆ ಮುಖ್ಯ ತುಂಡಾಗದ ಕತ್ತಲೆ ಎಂಬುದು ಆಮೇಲೆ ತಿಳಿಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯಕ್ಕೆ ನಡುರಾತ್ರಿ ಬೆಳಕು ತಗುಲಿದರೆ ಗಿಡ ಇನ್ನೂ ಬೇಸಿಗೆ ಎಂದೇ ತಿಳಿಯುತ್ತದೆ. ನಮ್ಮ ಒಂಬತ್ತು ಕುಂಡಗಳಿಗೆ ತಿಂಗಳುಗಟ್ಟಲೆ ರಾತ್ರಿಯೇ ಆಗಿರಲಿಲ್ಲ.

ಇದನ್ನು ಅಜ್ಜಿಗೆ ಹೇಳಿದೆ. ಪೂರ್ತಿ ನಂಬಲಿಲ್ಲ. ‘ನೋಡುವ’ ಎಂದಳು ಅಷ್ಟೇ. ಲೈಟ್ ಬಂದ್ ಮಾಡಿ ನಾನು ಕಾಲೇಜಿಗೆ ಬಂದೆ. ತುಳಸಿ ಪೂಜೆಗೆ ಆ ಐದು ಕುಂಡದ ಹೂವೇ ಆಯಿತು, ಉಳಿದವು ಸಂಕ್ರಾಂತಿಯ ಹೊತ್ತಿಗೆ ಅರಳಿದವು. ಅಮ್ಮ ಫೋಟೊ ಕಳಿಸಿದಳು. ಆದರೆ ಜೊತೆಗೇ ಇನ್ನೊಂದು ಮಾತು ಹೇಳಿದಳು. ರಾತ್ರಿ ಬಚ್ಚಲಿಗೆ ಹೋಗಬೇಕಾಗುತ್ತದೆಂದು ಅಜ್ಜಿ ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳಂತೆ.

ಹೂವಿಗಾಗಿ ಅಜ್ಜಿಯನ್ನು ಕತ್ತಲೆಗೆ ತಳ್ಳಲು ಆಗುತ್ತದೆಯೇ? ಸೆಮಿಸ್ಟರ್ ರಜೆಯಲ್ಲಿ ಪಿಐಆರ್ ಸೆನ್ಸರ್ ತಂದೆ. ಮನುಷ್ಯರ ಮೈಯ ಶಾಖ ಚಲಿಸುವುದನ್ನು ಗುರುತಿಸಿ ದೀಪ ಹೊತ್ತಿಸುವ ಪುಟ್ಟ ಸಾಧನ, ಲ್ಯಾಬ್‌ನಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ಪ್ರಯೋಗ. ಅಂಗಳದಲ್ಲಿ ಮಾಡಿದಾಗಲೇ ಅದರ ಬಣ್ಣ ಬಯಲಾಗುವುದು. ಮೊದಲನೆಯದು ಮಳೆಗೆ ನೆನೆದು ಸತ್ತಿತು. ಎರಡನೆಯದಕ್ಕೆ ಹನಿ ತಾಗದಿರಲಿ ಎಂದು ಎದುರಿಗೆ ಗಾಜಿನ ಚೂರು ಇಟ್ಟೆ. ಅಜ್ಜಿ ಎದುರಲ್ಲಿ ನಾಲ್ಕು ಸಲ ಓಡಾಡಿದರೂ ದೀಪ ಹತ್ತಲಿಲ್ಲ. ಮೈಯ ಶಾಖದ ಇನ್‌ಫ್ರಾರೆಡ್ ಕಿರಣ ಗಾಜನ್ನು ದಾಟುವುದಿಲ್ಲ ಎಂಬುದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಗಾಜು ತೆಗೆದು, ಮೇಲೊಂದು ಹಾಳೆಯ ಮಾಡು ಕಟ್ಟಿದ ಮೇಲೆ ಸರಿಹೋಯಿತು. ಫ್ಲಡ್ ಲೈಟ್ ಬದಲು 5 ವ್ಯಾಟ್‌ನ ಬಲ್ಬನ್ನು ಮೊಣಕಾಲೆತ್ತರಕ್ಕೆ, ಬೆಳಕು ನೆಲಕ್ಕಷ್ಟೇ ಬೀಳುವಂತೆ ತಗಡಿನ ಡಬ್ಬಿಯೊಳಗೆ ಇಟ್ಟೆವು. ಒಂದು ನಿಮಿಷ ಉರಿದು ಆರುತ್ತದೆ. ವೈರಿಂಗ್ ಮಾತ್ರ ನಮ್ಮೂರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದ್ದು. ಒದ್ದೆ ಅಂಗಳದಲ್ಲಿ 230 ವೋಲ್ಟ್ ಜೊತೆ ಆಟ ಬೇಡ. ನಾಯಿ ಹೋದರೂ ದೀಪ ಹತ್ತುತ್ತದೆ, ಅದಕ್ಕೆ ಇನ್ನೂ ಪರಿಹಾರ ಸಿಕ್ಕಿಲ್ಲ.

ಬೆಂಗಳೂರಿನ ಪಿಜಿ ಬಾಲ್ಕನಿಯಲ್ಲಿ ಸೇವಂತಿಗೆ ಇಟ್ಟು ಹೂ ಬರಲಿಲ್ಲ ಎನ್ನುವ ಗೆಳತಿಯರು ನನಗೆ ಇಬ್ಬರಿದ್ದಾರೆ. ಇಬ್ಬರ ಬಾಲ್ಕನಿಯ ಎದುರಿಗೂ ಬೀದಿದೀಪ. ನಿಮ್ಮದೂ ಹಾಗೇ ಇದ್ದರೆ ಕುಂಡವನ್ನು ಗೋಡೆಯ ಮರೆಗೆ ಸರಿಸಿ. ಮರೆ ಇಲ್ಲವೆಂದರೆ ಸಂಜೆ ಆರಕ್ಕೆ ರಟ್ಟಿನ ಪೆಟ್ಟಿಗೆ ಕವುಚಿ ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ, ಮೊಗ್ಗು ಬಣ್ಣ ತೋರಿಸುವವರೆಗೆ ದಿನವೂ. ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುವವರು ಅದನ್ನು ಗಿಡಕ್ಕೇ ಸುತ್ತಬೇಡಿ. ಗೂಡುದೀಪವನ್ನು ಮಲಗುವಾಗ ಆರಿಸಿದರೆ ಕರೆಂಟ್ ಬಿಲ್ಲೂ ಉಳಿಯುತ್ತದೆ.

ಮೊನ್ನೆ ಅಮ್ಮ ವಿಡಿಯೊ ಕಾಲ್ ಮಾಡಿದ್ದಳು. ಸೋಗೆ ತೆಗೆದಾಗಿದೆ, ಪಾಚಿ ಕೆತ್ತುವುದು ಅರ್ಧ ಆಗಿದೆ. ಅಪ್ಪ ಎಂದಿನಂತೆ ‘ಮುಂದಿನ ವರ್ಷ ಇಂಟರ್‌ಲಾಕ್ ಹಾಕಿಸುವುದೇ’ ಎನ್ನುತ್ತಿದ್ದ. ಈ ಸಲದ 14 ಕುಂಡಗಳಲ್ಲಿ ಮೂರನ್ನು ದನ ತಿಂದಿದೆ. ಉಳಿದ ಹನ್ನೊಂದರಲ್ಲೂ ಕಾಳುಮೆಣಸಿನ ಗಾತ್ರದ ಮೊಗ್ಗು. ಪಕ್ಕದ ಮನೆಯವರಿಗೂ ಎಂಟು ಸಸಿ ನೆಟ್ಟುಕೊಟ್ಟಿದ್ದೇನೆ ಎಂದು ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು. ಆಮೇಲೆ ಫೋನ್ ಇಸಿದುಕೊಂಡು ಕೇಳಿದಳು:

‘ಅಂಟಿಗೆ ಪಂಟಿಗೆಯವರು ಬಂದ್ರೆ ನಿನ್ನ ಆ ದೀಪ ತಾನೇ ಹತ್ತತದಲ್ಲೇ? ಹಬ್ಬಕ್ಕೆ ಬಂದಾಗ ಅದಕ್ಕೊಂದು ಸ್ವಿಚ್ ಹಾಕ್ಸಿ ಹೋಗು.’