ತೂಕಕ್ಕಿಂತ ಮೊದಲು ಸೊಂಟ ಅಳೀರಿ: ಘಾಟಿ ದಾರೀಲಿ ಬೊಜ್ಜಿನ ಮಾತು

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋ ಬೈಕ್‌ಗಳನ್ನ ನೋಡಿರ್ತೀರಿ. ನೀವೂ ಹೋಗಿರಬಹುದು. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ದರ್ಶನ, ಸೆಲ್ಫಿ, ದಾರೀಲಿ ದೋಸೆ, ಎರಡು ಕಾಫಿ. ಆದ್ರೆ ನಡೆದಿದ್ದೆಷ್ಟು? ಬೈಕ್ ನಿಲ್ಲಿಸಿದ ಜಾಗದಿಂದ ಗುಡಿವರೆಗೆ!

ಇವತ್ತಿನ ವಿಷಯ ಬೊಜ್ಜು. "ನಾನೇನ್ ದಪ್ಪ ಇಲ್ವಲ್ಲ" ಅಂತ ಮುಂದಕ್ಕೆ ಹೋಗ್ಬೇಡಿ, ಇದು ನಿಮಗೇ.

ನಮ್ಮಲ್ಲಿ ಎಷ್ಟೋ ಜನರ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಸೇರೋ ಕೊಬ್ಬೇ ಸಕ್ಕರೆ ಕಾಯಿಲೆ, ಬಿಪಿ, ಫ್ಯಾಟಿ ಲಿವರ್‌ಗೆ ದಾರಿ. ಅದಕ್ಕೇ ಭಾರತೀಯರಿಗೆ ಅಳತೆ ಬಿಗಿ: ಬಿಎಂಐ 23 ದಾಟಿದ್ರೆ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು. 170 ಸೆಂ.ಮೀ. ಎತ್ತರದವರಿಗೆ ಆ ಗಡಿ ಸುಮಾರು 72 ಕೆ.ಜಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಜನರಲ್ಲಿ ಸುಮಾರು 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು.

ಇದು ಬರೀ ಸೋಮಾರಿತನ ಅಲ್ಲ. ಇಡೀ ದಿನ ಹೊಲಿಗೆ ಮಷೀನ್ ಮುಂದೆ ಕೂರೋರು, ನೈಟ್ ಶಿಫ್ಟ್ ಮುಗಿಸಿ ಅರೆನಿದ್ದೆ ಮಾಡೋರು, ಕ್ಯಾಬ್ ಓಡಿಸೋರು: ಇವರಿಗೆ "ಜಿಮ್‌ಗೆ ಹೋಗು" ಅನ್ನೋದು ಸುಲಭ. ನಿದ್ದೆ ಕಡಿಮೆಯಾದ್ರೆ ಹಸಿವೂ ಜಾಸ್ತಿ ಆಗುತ್ತೆ. ಥೈರಾಯ್ಡ್, ಪಿಸಿಒಎಸ್, ಕೆಲವು ಮಾತ್ರೆಗಳೂ ತೂಕ ಏರಿಸುತ್ತವೆ.

ಹಾಗಾದ್ರೆ ಎಲ್ಲಿಂದ ಶುರು? ಟೀಯಿಂದ. ದಿನಕ್ಕೆ ನಾಲ್ಕು ಟೀ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಅಂದ್ರೆ ಸುಮಾರು 32 ಗ್ರಾಂ. 25 ಗ್ರಾಂ ಒಳಗಿದ್ರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಮುದ್ದೆ ಬಿಡ್ಬೇಡಿ, ಗಾತ್ರ ಸ್ವಲ್ಪ ಇಳಿಸಿ, ಬಸ್ಸಾರಿನ ಸೊಪ್ಪು, ಕಾಳು ಜಾಸ್ತಿ ಬಡಿಸ್ಕೊಳ್ಳಿ. ಘಾಟಿ ದನಗಳ ಜಾತ್ರೆ ಹೊತ್ತಿಗೆ ಅವರೆಕಾಯಿ ಸುಗ್ಗಿ. ಹಿತಕಿದ ಬೇಳೆ ಸಾರಲ್ಲಿ ಪ್ರೋಟೀನ್ ಇದೆ, ಜೊತೆಗಿನ ಪೂರಿ ಲೆಕ್ಕ ಇಟ್ಕೊಳ್ಳಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ. ಘಾಟಿ ಕಡೆ ಬಂದಾಗ ಪಕ್ಕದ ಮಾಕಳಿದುರ್ಗ ಬೆಟ್ಟ ಹತ್ತಿದ್ರೆ ಅದೂ ಸೇರುತ್ತೆ.

ಗುರಿ ಸಣ್ಣದಿರಲಿ. 80 ಕೆ.ಜಿ. ಇರೋರು 4 ಕೆ.ಜಿ. ಇಳಿದ್ರೂ ಸಕ್ಕರೆ, ಬಿಪಿಯಲ್ಲಿ ವ್ಯತ್ಯಾಸ ಕಾಣುತ್ತೆ.

ಇನ್ನು ಇಂಜೆಕ್ಷನ್. ಮೌಂಜಾರೊ, ವೆಗೋವಿ 2025ರಲ್ಲಿ ಭಾರತಕ್ಕೆ ಬಂದ್ವು. ಹಸಿವು ತಗ್ಗಿಸುತ್ತವೆ, ಕೆಲಸ ಮಾಡುತ್ತವೆ. ವೆಗೋವಿಯಲ್ಲಿರೋ ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಸುಮಾರು 15% ತೂಕ ಇಳೀತು. ಆದ್ರೆ ನಿಲ್ಲಿಸಿದವರಿಗೆ, ಒಂದು ವರ್ಷದಲ್ಲಿ, ಇಳಿದಿದ್ದರ ಮೂರನೇ ಎರಡು ಭಾಗ ವಾಪಸ್ ಬಂತು. ವಾಕರಿಕೆ, ವಾಂತಿ ಆಗಬಹುದು, ಸ್ನಾಯುವೂ ಕರಗಬಹುದು. ಗರ್ಭಿಣಿಯರಿಗಂತೂ ಬೇಡವೇ ಬೇಡ. ಮದುವೆಗೆ ಮುಂಚೆ ಸಣ್ಣ ಆಗೋಕೆ ಅಂತ ಸ್ನೇಹಿತರ ಪೆನ್ ಚುಚ್ಚಿಕೊಳ್ಳೋದು, ವಾಟ್ಸ್‌ಆ್ಯಪ್‌ನಲ್ಲಿ ತರಿಸೋದು ಅಪಾಯ. ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ.

ಇವತ್ತು ರಾತ್ರಿ ಒಂದೇ ಕೆಲಸ: ಟೈಲರ್ ಟೇಪ್ ತಗೊಳ್ಳಿ. ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ, ಕೊನೆ ಪಕ್ಕೆಲುಬು ಮತ್ತು ಸೊಂಟದ ಮೂಳೆ ಮಧ್ಯೆ ಅಳೀರಿ. ಗಡಿ ದಾಟಿದ್ರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ತೋರಿಸ್ಕೊಳ್ಳಿ. ಅಪ್ಪ ಅಮ್ಮನ ಸೊಂಟಾನೂ ಅಳೀರಿ. ಮತ್ತೆ ಸಿಗೋಣ.